ರಾಗಿ ವರ್ಷಕ್ಕೊಮ್ಮೆ, ಸಂತೆ ವಾರಕ್ಕೊಮ್ಮೆ: ಮನೆಯ 20 ಗುಂಟೆಯನ್ನು ಹೊಸ ಮಾರುಕಟ್ಟೆಗೆ ಸಿದ್ಧ ಮಾಡೋದು ಹೇಗೆ?



ಗುಬ್ಬಿ, ಕುಣಿಗಲ್ ಕಡೆಯ ನಮ್ಮ ಜಮೀನುಗಳಿಗೆ ಒಂದು ಅಭ್ಯಾಸ ಇದೆ. ಕೊಟ್ಟರೆ ಎಲ್ಲಾ ಒಂದೇ ಸಲ ಕೊಡ್ತವೆ. ರಾಗಿ ವರ್ಷಕ್ಕೊಂದು ಕೊಯ್ಲು. ಅಡಿಕೆಗೆ ಕೆಲವೇ ತಿಂಗಳ ಸುಗ್ಗಿ. ತೆಂಗು ತಿಂಗಳೂ ಗೊನೆ ಬಿಟ್ಟರೂ ನಾವು ಕೀಳಿಸೋದು ವರ್ಷಕ್ಕೆ ಐದಾರು ಸಲ. ಈಗ ಹತ್ತಿರದಲ್ಲೊಂದು ರೈತ ಸಂತೆ ಶುರುವಾಗುತ್ತೆ, ಇಲ್ಲವೇ ತುಮಕೂರು ನಗರದ ಬಡಾವಣೆಗಳಿಗೆ ನೀವೇ ನೇರವಾಗಿ ತರಕಾರಿ ಕೊಡೋಣ ಅಂತ ಹೊರಡ್ತೀರಿ ಅಂದ್ಕೊಳ್ಳಿ. ಆ ಗಿರಾಕಿಗೆ ಬೇಕಾದದ್ದು ವಾರ ವಾರ ಸ್ವಲ್ಪ ಸ್ವಲ್ಪ, ಹತ್ತು ಬಗೆ. ಜಮೀನು ಸಿದ್ಧ ಮಾಡೋದು ಅಂದ್ರೆ ಟ್ರಾಕ್ಟರ್ ಹೊಡೆಸೋದು ಅಂತ ತುಂಬಾ ಜನ ತಿಳ್ಕೊಂಡಿದ್ದಾರೆ. ಉಳುಮೆ ಎರಡು ದಿನದ ಕೆಲಸ. ನಿಜವಾದ ಕೆಲಸ ಹೊಲದ ಈ ಅಭ್ಯಾಸ ಬಿಡಿಸೋದು.

ನಾನು ಇದನ್ನ ಕಲಿತದ್ದು ದುಡ್ಡು ಕಳ್ಕೊಂಡೇ. ಮೊದಲ ವರ್ಷ ಅಪ್ಪನ ಹತ್ರ ಜಗಳ ಮಾಡಿ 20 ಗುಂಟೆ ಬಿಡಿಸ್ಕೊಂಡೆ. ಪೂರ್ತಿ ಕೊತ್ತಂಬರಿ ಚೆಲ್ಲಿದೆ, ಒಂದೇ ದಿನ. ಬೆಳೆ ಚೆನ್ನಾಗೇ ಬಂತು. ಅಷ್ಟೂ ಒಂದೇ ವಾರದಲ್ಲಿ ಕೊಯ್ಲಿಗೆ ಬಂತು. ಆ ವಾರ ಎಲ್ಲರ ಕೊತ್ತಂಬರಿಯೂ ಬಂದಿತ್ತು. ಕೂಲಿ, ಸಾಗಾಣಿಕೆ ಕಳೆದರೆ ಕೈಗೆ ಏನೂ ಉಳಿಯಲ್ಲ ಅಂತಾದ ಮೇಲೆ ಅರ್ಧಕ್ಕಿಂತ ಹೆಚ್ಚು ಸೊಪ್ಪು ಹಸುಗಳ ಮುಂದೆ ಹಾಕಿದ್ವಿ. ಅಪ್ಪ ಬೈಯಲಿಲ್ಲ. "ರಾಗಿ ಆಗಿದ್ರೆ ಮೂಟೆ ಕಟ್ಟಿ ಇಡಬಹುದಿತ್ತು ಕಣ್ಲಾ" ಅಂದ್ರು, ಅಷ್ಟೇ. ಮಾತು ಸರಿಯಾಗೇ ಇತ್ತು.

ಮೊದಲು ಕೇಳೋದು, ಎಷ್ಟು ಕೇಳೋದು

ಮನೆಯಲ್ಲಿ ಇಡೀ ಹೊಲ ಕೇಳಬೇಡಿ. ಊಟದ ರಾಗಿ, ಹಸುವಿನ ಹುಲ್ಲು ಎರಡನ್ನೂ ಮುಟ್ಟದೆ ಎಷ್ಟು ಬಿಡಬಹುದು ಅಂತ ಲೆಕ್ಕ ಹಾಕಿ, ಅಷ್ಟೇ ಕೇಳಿ. ಒಬ್ಬ ಹುಡುಗ, ಜೊತೆಗೆ ಮನೆಯವರ ಸಹಾಯ ಅಂದ್ರೆ 20 ಗುಂಟೆ ಸಾಕು. ಎರಡು ವರ್ಷದ ಅವಕಾಶ ಕೇಳಿ. ಒಂದು ವರ್ಷದಲ್ಲಿ ಏನೂ ಗೊತ್ತಾಗಲ್ಲ.

ಜಾಗ ಆರಿಸುವಾಗ ತೆಂಗಿನ ತೋಟದ ಒಳಗೆ ಅಂತ ಹೇಳ್ತಾರೆ, ಯಾಕಂದ್ರೆ ಅಲ್ಲಿ ನೀರಿದೆ. ಎಚ್ಚರ. ಮರಗಳಿಗೆ ಸುಮಾರು 8 ರಿಂದ 25 ವರ್ಷ ವಯಸ್ಸಾಗಿದ್ರೆ ನೆರಳು ಜಾಸ್ತಿ, ಬೆಂಡೆ, ಬೀನ್ಸ್ ಬರೋದು ಕಷ್ಟ. ಮರಗಳು ಅದಕ್ಕಿಂತ ಹಳೆಯದಾಗಿ ಮೇಲೆ ಹೋಗಿದ್ರೆ ಬಿಸಿಲು ಕೆಳಗೆ ಬೀಳುತ್ತೆ, ಆಗ ಬುಡದಿಂದ ಆರೇಳು ಅಡಿ ಬಿಟ್ಟು ಸೊಪ್ಪು, ಕೆಸು ಮಾಡಬಹುದು. ಅಡಿಕೆ ತೋಟದೊಳಗೆ ತರಕಾರಿ ಬೇಡವೇ ಬೇಡ.

ಪಹಣಿ ಯಾರ ಹೆಸರಲ್ಲಿದೆ?

ಇದನ್ನ ಓದದೆ ಮುಂದಕ್ಕೆ ಹೋಗೋರೇ ಜಾಸ್ತಿ, ಆದ್ರೆ ಆರು ತಿಂಗಳಾದ ಮೇಲೆ ಸಿಕ್ಕಿಹಾಕ್ಕೊಳ್ಳೋದು ಇಲ್ಲೇ. ಮೊಬೈಲ್‌ನಲ್ಲಿ ಭೂಮಿ ವೆಬ್‌ಸೈಟ್ ತೆಗೆದು ನಿಮ್ಮ ಸರ್ವೆ ನಂಬರ್ ಹಾಕಿ ನೋಡಿ. ತೀರಿಹೋದ ತಾತನ ಹೆಸರೇ ಇನ್ನೂ ಇದ್ದರೆ ಹೊಲ ಉಳೋಕೆ ಯಾರೂ ಅಡ್ಡ ಬರಲ್ಲ. ಆದ್ರೆ ಆ ಜಮೀನಿನ ಮೇಲೆ ನಿಮ್ಮ ಮನೆಯವರಿಗೆ ಫ್ರೂಟ್ಸ್ ನೋಂದಣಿ, ಅಂದ್ರೆ ಎಫ್‌ಐಡಿ, ಆಗಲ್ಲ. ಎಫ್‌ಐಡಿ ಇಲ್ಲದೆ ಹನಿ ನೀರಾವರಿ ಸಹಾಯಧನ ಇಲ್ಲ, ಬೆಂಬಲ ಬೆಲೆಗೆ ರಾಗಿ ಕೊಡೋಕೂ ಆಗಲ್ಲ. ರೈತರೇ ಮಾರುವ ಸಂತೆಗಳಲ್ಲೂ ಇದೇ ಪ್ರಶ್ನೆ. 1999ರಲ್ಲಿ ಆಂಧ್ರದಲ್ಲಿ ರೈತು ಬಜಾರ್, ತಮಿಳುನಾಡಿನಲ್ಲಿ ಉಳವರ್ ಸಂದೈ ಶುರುವಾದಾಗ, ದಲ್ಲಾಳಿಗಳು ರೈತರ ವೇಷದಲ್ಲಿ ಬಂದು ಕೂರದಿರಲಿ ಅಂತ ಬೆಳೆಗಾರರಿಗೆ ಗುರುತಿನ ಚೀಟಿ ಕೊಡೋ ಪದ್ಧತಿ ತಂದರು. ಹೊಲ ನಿಮ್ಮದು, ಬೆಳೆ ನಿಮ್ಮದು ಅಂತ ಕಾಗದದಲ್ಲಿ ತೋರಿಸಬೇಕಾಗುತ್ತೆ.

ಪರಿಹಾರ ಪೌತಿ ಖಾತೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರ ಆಧಾರ್ ಇಟ್ಕೊಂಡು ನಾಡಕಚೇರಿಗೆ ಹೋಗಿ. ವಂಶವೃಕ್ಷದಲ್ಲಿ ಅತ್ತೆಯರ ಹೆಸರು ಬಿಡಬೇಡಿ. "ಮದುವೆ ಮಾಡಿ ಕಳಿಸಿದ್ದೀವಲ್ಲ" ಅನ್ನೋ ಮಾತು ಕಾನೂನಿನಲ್ಲಿ ನಿಲ್ಲಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ತಿದ್ದುಪಡಿ ಬಂದ ದಿನ ತಂದೆ ಬದುಕಿರಲೇಬೇಕು ಅಂತಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟ ಮಾಡಿದೆ. ಹೆಸರು ಮುಚ್ಚಿಟ್ಟು ಖಾತೆ ಮಾಡಿಸಿದ್ರೆ, ನೀವು ಡ್ರಿಪ್ ಹಾಕಿ ಬೆಳೆ ತೆಗೆಯೋ ಹೊತ್ತಿಗೆ ತಕರಾರು ಬಂದು ಕೂರುತ್ತೆ.

ಪೌತಿ ಖಾತೆ ಅಂದ್ರೆ ವಿಭಾಗ ಅಲ್ಲ, ಎಲ್ಲಾ ವಾರಸುದಾರರ ಹೆಸರೂ ಜಂಟಿಯಾಗಿ ಬರುತ್ತೆ. ಅಪ್ಪನ ಹೆಸರು ಅದರಲ್ಲಿ ಬಂದ್ರೆ ನಮ್ಮ ಕೆಲಸಕ್ಕೆ ಸಾಕು. ಭಾಗದ ವಿಚಾರ, 11ಇ ನಕ್ಷೆ, ನೋಂದಣಿ ಇವೆಲ್ಲಾ ಮನೆಯವರು ಕೂತು ಮಾತಾಡಿದಾಗ ಆಗಲಿ. ಅಲ್ಲಿವರೆಗೆ ಯಾವ 20 ಗುಂಟೆ, ಎಷ್ಟು ವರ್ಷ, ಬೋರ್‌ವೆಲ್ ಕರೆಂಟು, ರಿಪೇರಿ ಖರ್ಚು ಯಾರದು ಅನ್ನೋದನ್ನ ದೊಡ್ಡಪ್ಪ, ಚಿಕ್ಕಪ್ಪಂದಿರ ಮುಂದೆ ಒಂದು ಹಾಳೆಯಲ್ಲಿ ಬರೆದು ಎಲ್ಲರ ಸಹಿ ಹಾಕಿಸಿ. ಅಪನಂಬಿಕೆಗೆ ಅಂತಲ್ಲ, ಮರೆವಿಗೆ.

ನೀರು: ಡ್ರಮ್ಮು ಮತ್ತು ಮೊಬೈಲ್

"ಬೋರ್‌ನಲ್ಲಿ ಎರಡಿಂಚು ನೀರಿದೆ" ಅನ್ನೋ ಲೆಕ್ಕ ಬಿಡಿ. 200 ಲೀಟರ್ ಡ್ರಮ್ಮನ್ನ ಪೈಪಿನ ಕೆಳಗಿಟ್ಟು ಮೊಬೈಲ್‌ನ ಸ್ಟಾಪ್‌ವಾಚ್ ಒತ್ತಿ. ಎರಡು ನಿಮಿಷಕ್ಕೆ ತುಂಬಿದ್ರೆ ಗಂಟೆಗೆ 6,000 ಲೀಟರ್. ಆದ್ರೆ ಅಳೆಯೋದು ಏಪ್ರಿಲ್‌ನಲ್ಲಿ. ಮಳೆಗಾಲ ಮುಗಿದ ಹೊಸದರಲ್ಲಿ ಎಲ್ಲರ ಬೋರೂ ಶೂರನೇ.

ಬೇಸಿಗೆಯಲ್ಲಿ ತರಕಾರಿಗೆ ದಿನಕ್ಕೆ ಸುಮಾರು 5 ಮಿಲಿಮೀಟರ್ ನೀರು ಬೇಕು ಅಂತಿಟ್ಕೊಳ್ಳಿ. 20 ಗುಂಟೆ ಅಂದ್ರೆ ಸುಮಾರು 2,000 ಚದರ ಮೀಟರ್. ಗುಣಿಸಿದ್ರೆ ದಿನಕ್ಕೆ 10,000 ಲೀಟರ್. ಇದರ ಜೊತೆ ಫಸಲು ಕೊಡೋ 40 ತೆಂಗಿನ ಮರ ಇದ್ದು, ಮರಕ್ಕೆ 60 ಲೀಟರ್ ಕೊಟ್ಟರೆ ಇನ್ನೊಂದು 2,400. ಮೇಲಿನ ಬೋರ್ ಎರಡು ಗಂಟೆ ಸ್ವಲ್ಪ ಓಡಿದ್ರೆ ಮುಗೀತು. ಡ್ರಮ್ಮು ತುಂಬೋಕೆ ಎಂಟು ನಿಮಿಷ ತಗೊಂಡ್ರೆ? ಎಂಟು ಗಂಟೆಗಿಂತ ಹೆಚ್ಚು ಓಡಬೇಕು, ಅಷ್ಟು ಹೊತ್ತು ತ್ರೀಫೇಸ್ ಕರೆಂಟ್ ಕೊಡೋರ್ಯಾರು? ಹಾಗಿದ್ರೆ 20 ಗುಂಟೆ ಬೇಡ, ಹತ್ತಕ್ಕೆ ಇಳಿಸಿ. ಹೇಮಾವತಿ ನಾಲೆ ಅಥವಾ ಕೆರೆ ನೀರು ಬರೋ ಕಡೆಯವರೂ ಇದೇ ಲೆಕ್ಕ ಹಾಕಿ, ನಾಲೆ ನಿಂತ ತಿಂಗಳುಗಳಿಗೆ.

ಮಣ್ಣು

ನಮ್ಮದು ಹೆಚ್ಚಾಗಿ ಕೆಂಪು ಮರಳುಮಿಶ್ರಿತ ಮಣ್ಣು, ನೀರು ಹಿಡಿಯೋದು ಕಡಿಮೆ. ಪರೀಕ್ಷೆಗೆ ಮಣ್ಣು ತೆಗೆಯುವಾಗ ಬದು, ಗೊಬ್ಬರದ ಗುಡ್ಡೆ, ಮರದ ಬುಡ ಬಿಟ್ಟು ಎಂಟು ಹತ್ತು ಕಡೆ ಅರ್ಧ ಅಡಿ ಆಳಕ್ಕೆ 'ವಿ' ಆಕಾರದಲ್ಲಿ ಗುಂಡಿ ತೆಗೀರಿ. ಗುಂಡಿಯ ಪಕ್ಕದಿಂದ ಒಂದೊಂದು ಪದರ ಕೆರೆದು, ಎಲ್ಲಾ ಸೇರಿಸಿ, ನೆರಳಲ್ಲಿ ಒಣಗಿಸಿ, ಅರ್ಧ ಕೆಜಿ ಕೊಡಿ. ಗುಬ್ಬಿ, ತುಮಕೂರಿನವರಿಗೆ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ಹತ್ತಿರ, ತಿಪಟೂರು ಕಡೆಯವರಿಗೆ ಕೊನೇಹಳ್ಳಿ. ಬೋರ್ ನೀರನ್ನೂ ಒಂದು ಬಾಟಲಿ ತಗೊಂಡು ಹೋಗಿ, ಗಡಸು ನೀರಾದ್ರೆ ಡ್ರಿಪ್ ಕಟ್ಟಿಕೊಳ್ಳುತ್ತೆ.

ಮುಂಗಾರಿಗೆ ಮೊದಲ ಹದ ಮಳೆಗೆ 20 ಗುಂಟೆಗೆ ಹತ್ತು ಹನ್ನೆರಡು ಕೆಜಿ ಸೆಣಬು ಚೆಲ್ಲಿ, 45 ದಿನಕ್ಕೆ, ಹೂ ಬರೋ ಹೊತ್ತಿಗೆ, ಮಗುಚಿ ಬಿಡಿ. ಕೊಳೆಯೋಕೆ ಎರಡು ವಾರ ಬಿಟ್ಟು, ಮಾಗಿದ ಕೊಟ್ಟಿಗೆ ಗೊಬ್ಬರ ಎರಡು ಟ್ರಾಕ್ಟರ್ ಲೋಡ್ ಹಾಕಿ ಮಡಿ ಮಾಡಿ. ಹಸಿ ಗೊಬ್ಬರ ಹಾಕಿದ್ರೆ ಗೆದ್ದಲು, ಗೊಣ್ಣೆಹುಳ, ಕಳೆ ಮೂರೂ ಉಚಿತ.

ಏಳು ಮಡಿ ಕೊತ್ತಂಬರಿ

ಈಗ ಮುಖ್ಯ ವಿಷಯ. ಸಂತೆ ದಿನದಿಂದ ಹಿಂದಕ್ಕೆ ಎಣಿಸಬೇಕು. ಕೊತ್ತಂಬರಿ ಬಿತ್ತಿ ಕೀಳೋಕೆ ಸುಮಾರು ಆರು ವಾರ. ಮಡಿ ಮತ್ತೆ ಹದ ಮಾಡೋಕೆ ಒಂದು ವಾರ. ಒಟ್ಟು ಏಳು. ಹಾಗಾಗಿ ಏಳು ಮಡಿ ಮಾಡಿ, ವಾರಕ್ಕೆ ಒಂದೇ ಮಡಿ ಬಿತ್ತಿ. ಏಳನೇ ಮಡಿ ಬಿತ್ತುವ ವಾರ ಮೊದಲನೆಯದು ಕೊಯ್ಲಿಗೆ ಬರುತ್ತೆ, ಮುಂದಿನ ವಾರ ಅದನ್ನೇ ಮತ್ತೆ ಬಿತ್ತೋದು. ಚಕ್ರ ಹಾಗೇ ತಿರುಗುತ್ತೆ. ಮೆಂತ್ಯ, ದಂಟು ನಾಲ್ಕು ವಾರದ್ದು, ಅದಕ್ಕೆ ಐದು ಮಡಿ.

ಮಡಿ ಎಷ್ಟು ದೊಡ್ಡದು? ನಾಲ್ಕಡಿ ಅಗಲ, ಅರವತ್ತೆಂಟು ಅಡಿ ಉದ್ದ ಅಂದ್ರೆ ಕಾಲು ಗುಂಟೆ. ಕೊತ್ತಂಬರಿ ಬೀಜ ಸುಮಾರು 75 ಗ್ರಾಂ, ಎರಡು ಹೋಳು ಮಾಡಿ ಬಿತ್ತಬೇಕು. ಚೆನ್ನಾಗಿ ಬಂದ್ರೆ 100 ಗ್ರಾಂನ ನೂರೈವತ್ತು ಕಟ್ಟಿನ ಸುತ್ತಮುತ್ತ ಸಿಗುತ್ತೆ. ಒಬ್ಬರು ಒಂದು ಸಂತೆಯಲ್ಲಿ ಕೂತು ಮಾರೋಕೆ ಇದು ಸಾಕಷ್ಟಾಯ್ತು. ನಾನು ಆ ವರ್ಷ ಇದರ ಎಂಬತ್ತರಷ್ಟು ಜಾಗಕ್ಕೆ ಒಂದೇ ದಿನ ಬೀಜ ಚೆಲ್ಲಿದ್ದೆ ಅಂತ ಈಗ ಲೆಕ್ಕ ಹಾಕಿದ್ರೆ ನಗು ಬರುತ್ತೆ.

ಹೀಗೆ ಸೊಪ್ಪಿನ ಹನ್ನೆರಡು ಮಡಿ, ಓಡಾಡೋ ದಾರಿ ಸೇರಿ ಐದು ಗುಂಟೆ. ಕತ್ತರಿಸಿದಷ್ಟೂ ಚಿಗುರೋ ಅರ್ಕಾ ಅನುಪಮ ಪಾಲಕ್, ಅರ್ಕಾ ಸುಗುಣ ದಂಟಿಗೆ ಇದರಲ್ಲೇ ಒಂದೊಂದು ಮೂಲೆ ಕೊಡಿ.

ಉಳಿದ ಜಾಗಕ್ಕೆ ಬೆಳೆ ಆರಿಸುವಾಗ ಒಂದು ಸೂಕ್ಷ್ಮ ಇದೆ. ಬೆಂಡೆ ಎಲ್ಲರಿಗೂ ಇಷ್ಟ, 45-50 ದಿನಕ್ಕೆ ಶುರು. ಆದ್ರೆ ದಿನ ಬಿಟ್ಟು ದಿನ ಕೀಳಲೇಬೇಕು, ಇಲ್ಲಾಂದ್ರೆ ನಾರಾಗುತ್ತೆ. ಸಂತೆ ವಾರಕ್ಕೊಂದೇ ದಿನ. ಅಂದ್ರೆ ಮೂರು ಕೊಯ್ಲಿನಲ್ಲಿ ಒಂದು ಮಾತ್ರ ಸಂತೆಗೆ, ಉಳಿದ ಎರಡು ಎಲ್ಲಿಗೆ? ಊರಿನ ಅಂಗಡಿ, ಹೋಟೆಲ್ ಅಥವಾ ತುಮಕೂರಿನ ಅಂತರಸನಹಳ್ಳಿ ಮಾರುಕಟ್ಟೆ. ಆ ದಾರಿ ಗಟ್ಟಿ ಮಾಡಿಕೊಂಡೇ ಬೆಂಡೆ ಹಾಕಿ, ಎರಡು ಮೂರು ಗುಂಟೆ ಮೀರಬೇಡಿ. ಬದನೆ ವಾರಕ್ಕೆ ಎರಡು ಸಲ ಕಿತ್ತರೆ ನಡೆಯುತ್ತೆ. ಸಿಹಿಗುಂಬಳ, ಬೂದುಗುಂಬಳ, ಗೆಣಸು ಇವು ಕಾಯೋ ಬೆಳೆಗಳು. ಈ ವಾರ ಮಾರದಿದ್ರೆ ಮುಂದಿನ ವಾರ ಹೊತ್ಕೊಂಡು ಹೋಗಬಹುದು. ಹೊಸಬರ ಹೊಲದಲ್ಲಿ ಕಾಯೋ ಬೆಳೆ ಮೂರರಲ್ಲೊಂದು ಪಾಲಾದ್ರೂ ಇರಲಿ. ಸುತ್ತಲೂ ಒಂದು ಸಾಲು ಚೆಂಡು ಹೂ ಹಾಕಿ, ದಸರಾ, ದೀಪಾವಳಿಗೆ ಲೆಕ್ಕ ಹಿಡಿದು.

ಔಷಧಿ ಹೊಡೆದರೆ ಲೇಬಲ್ ಮೇಲೆ ಬರೆದ ಕಾಯುವ ದಿನ ಮುಗಿಯದೆ ಕೀಳಬೇಡಿ. ಲಾರಿಗೆ ತುಂಬಿ ಕಳಿಸಿದ ಕಾಯಿ ಯಾರು ತಿಂದ್ರೋ ಗೊತ್ತಾಗಲ್ಲ, ಸಂತೆಯಲ್ಲಿ ತಗೊಂಡ ಅಕ್ಕ ಮುಂದಿನ ವಾರ ಮಗು ಎತ್ತಿಕೊಂಡು ನಿಮ್ಮ ಮುಂದೇನೇ ನಿಂತಿರ್ತಾರೆ.

ಬದುವಿನ ಮೇಲೆ ಹಲಸು

ಮನೆಯವರು ಕೇಳೋ ಇನ್ನೊಂದು ಪ್ರಶ್ನೆ: "ಸೊಪ್ಪು ಮಾರ್ಕೊಂಡೇ ಎಷ್ಟು ದಿನ ಅಂತ ಇರ್ತೀಯಾ?" ನ್ಯಾಯವಾದ ಪ್ರಶ್ನೆ. ವಾರದ ಆದಾಯದ ಜೊತೆ ಹತ್ತು ವರ್ಷದ ಆದಾಯಕ್ಕೂ ಈಗಲೇ ನೆಡಬೇಕು. ಇದಕ್ಕೆ ಉತ್ತರ ಗುಬ್ಬಿ ತಾಲ್ಲೂಕಿನಲ್ಲೇ ಇದೆ. ಚೇಳೂರು ಭಾಗ ಮೊದಲಿಂದ ಹಲಸಿಗೆ ಹೆಸರು. ಅಲ್ಲಿ ಸಿದ್ದಪ್ಪ ಅನ್ನೋ ರೈತರು ನೆಟ್ಟ ಒಂದು ಮರದ ಹಣ್ಣು ತಾಮ್ರಗೆಂಪು ತೊಳೆಯದ್ದು. ಹಿರೇಹಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರದವರು ಅದನ್ನ ಪರೀಕ್ಷಿಸಿ, 'ಸಿದ್ದು' ಅಂತ ಹೆಸರಿಟ್ಟು, 2017ರಲ್ಲಿ ಮಗ ಪರಮೇಶ್ ಅವರ ಜೊತೆ ಒಪ್ಪಂದ ಮಾಡಿಕೊಂಡು ಕಸಿ ಗಿಡ ಮಾಡಿ ಕೊಡೋಕೆ ಶುರು ಮಾಡಿದ್ರು. ಗಿಡ ಮಾರಿದ ಹಣದಲ್ಲಿ ದೊಡ್ಡ ಪಾಲು ಮರದ ಒಡೆಯರಿಗೇ.

ನಮಗೆ ಬೇಕಾದ ಪಾಠ ಹಣ್ಣಿನ ತೂಕದಲ್ಲಿದೆ. ಸಿದ್ದು ಹಣ್ಣು ಸರಾಸರಿ ಎರಡೂವರೆ ಕೆಜಿ ಅಷ್ಟೇ. ಹದಿನೈದು ಕೆಜಿ ಹಲಸನ್ನ ನಗರದ ನಾಲ್ಕು ಜನರ ಸಂಸಾರ ಹೊತ್ಕೊಂಡು ಹೋಗಲ್ಲ, ಎರಡೂವರೆ ಕೆಜಿಯದ್ದನ್ನ ಒಂದೇ ಕೈಲಿ ಎತ್ತಿಕೊಂಡು ಹೋಗ್ತಾರೆ. ಕಸಿ ಗಿಡ ಮೂರು ನಾಲ್ಕು ವರ್ಷಕ್ಕೆ ಕಾಯಿ ಕಚ್ಚುತ್ತೆ. 25-30 ಅಡಿಗೊಂದರಂತೆ ಬದುವಿನ ಮೇಲೆ ನಾಲ್ಕೈದು ನೆಟ್ಟರೆ ತರಕಾರಿ ಮಡಿಗೆ ತೊಂದರೆ ಇಲ್ಲ, ಪಡುವಣ ಮತ್ತು ಬಡಗಣ ಬದುವಾದ್ರೆ ಒಳ್ಳೇದು. ಗಿಡ ಅಧಿಕೃತ ಕಡೆಯಿಂದಲೇ ತನ್ನಿ, ನಾಲ್ಕು ವರ್ಷ ಕಾದ ಮೇಲೆ ಬಿಳಿ ತೊಳೆ ನೋಡಿದ್ರೆ ಯಾರನ್ನ ಕೇಳೋಣ?

ಬಿತ್ತೋ ಮುಂಚೆ ಮೂರು ಸಂತೆ

ಮಡಿ ಮಾಡುವ ತಿಂಗಳಲ್ಲೇ ಖಾಲಿ ಕೈಯಲ್ಲಿ ಮೂರು ವಾರ ಸಂತೆಗೆ ಹೋಗಿ ನಿಲ್ಲಿ. ಬೆಳಿಗ್ಗೆ ಏಳಕ್ಕೆ ಏನೇನು ಬಂತು, ಹತ್ತಕ್ಕೆ ಏನು ಖಾಲಿಯಾಯ್ತು, ಹನ್ನೆರಡಕ್ಕೆ ಏನು ಬಾಡಿ ಬಿದ್ದಿದೆ ಅಂತ ಮೊಬೈಲ್‌ನಲ್ಲಿ ಬರ್ಕೊಳ್ಳಿ. ಹತ್ತಕ್ಕೆ ಖಾಲಿಯಾದದ್ದೇ ನಿಮ್ಮ ಬೆಳೆ ಪಟ್ಟಿ. ದಾರಿಯನ್ನೂ ಲೆಕ್ಕ ಹಾಕಿ. ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿಲೋಮೀಟರ್, ಕುಣಿಗಲ್‌ನಿಂದ 35ರ ಮೇಲೆ. ಟಿವಿಎಸ್ ಎಕ್ಸ್‌ಎಲ್ ಮೇಲೆ ಎರಡು ಕ್ರೇಟ್ ಕಟ್ಟಿ ಕುಣಿಗಲ್‌ನಿಂದ ಹೊರಟರೆ ಪೆಟ್ರೋಲ್ ಕಳೆದು ಏನುಳಿಯುತ್ತೆ ನೋಡಿ. ಮೂರು ಹುಡುಗರು ಸೇರಿ ಒಂದು ಗೂಡ್ಸ್ ಆಟೋ ಮಾಡಿದ್ರೆ ಲೆಕ್ಕ ಬೇರೆ. ಹಾಗೆ ಸೇರೋದಾದ್ರೆ ಬಿತ್ತುವ ಮುಂಚೆಯೇ ಕೂತು ಯಾರು ಯಾವ ಬೆಳೆ ಅಂತ ಹಂಚಿಕೊಳ್ಳಿ, ಮೂರು ಜನವೂ ಕೊತ್ತಂಬರಿ ತಂದ್ರೆ ಆಟೋ ಬಾಡಿಗೆಯೂ ಗಿಟ್ಟಲ್ಲ.

ಮೊದಲ ಮಡಿ ಬಿತ್ತಿದ ದಿನ ಅದರ ತಲೆಗೆ ಒಂದು ಗೂಟ ನೆಟ್ಟು, ಬಿತ್ತಿದ ತಾರೀಖು, ಕೀಳೋ ಸಂತೆಯ ತಾರೀಖು ಎರಡನ್ನೂ ಅದರ ಮೇಲೆ ಬರೆದು ಫೋಟೋ ತೆಗೆದಿಡಿ. ನಮ್ಮ ಹೊಲದಲ್ಲಿ ಈಗ ಆ ಗೂಟ ನೋಡ್ಕೊಂಡು ಮುಂದಿನ ಮಡಿಗೆ ಬೀಜ ತೆಗೆದಿಡೋದು ಅಪ್ಪನ ಕೆಲಸ.