959ರ ಬೆನ್ನು ಹತ್ತಿದ ತಂಡ: ಮಹಾರಾಷ್ಟ್ರದ 1948–49ರ ರಣಜಿ ಋತು

ದೇವಳಾಲಿ ಕ್ಯಾಂಪಿಗೆ ಕೆಲಸದ ನಿಮಿತ್ತ ಬಂದು ನೆಲೆಸಿರುವ ಕನ್ನಡ ಮನೆಗಳ ಮಕ್ಕಳಿಗೆ ಕ್ರಿಕೆಟ್ ಹೊಸದೇನಲ್ಲ. ಐಪಿಎಲ್ ತಂಡಗಳ ಹೆಸರು, ಆಟಗಾರರ ಅಂಗಿಯ ಸಂಖ್ಯೆ ಎಲ್ಲವೂ ಬಾಯಿಪಾಠ. ಆದರೆ ನೀವಿರುವ ಈ ಊರು ಯಾವ ರಣಜಿ ತಂಡಕ್ಕೆ ಸೇರಿದ್ದು ಎಂದು ಕೇಳಿದರೆ ಹಲವರು ಮುಂಬೈ ಎನ್ನುತ್ತಾರೆ. ಅದು ಸರಿಯಲ್ಲ. ಮುಂಬೈಗೆ ತನ್ನದೇ ತಂಡವಿದೆ, ನಾಗಪುರದ ಕಡೆಯವರಿಗೆ ವಿದರ್ಭ ತಂಡವಿದೆ. ನಾಸಿಕ್, ದೇವಳಾಲಿ, ಪುಣೆ, ಕೊಲ್ಹಾಪುರ, ಛತ್ರಪತಿ ಸಂಭಾಜಿನಗರ ಇವೆಲ್ಲ ಮಹಾರಾಷ್ಟ್ರ ತಂಡದ ನೆಲ. ಒಂದೇ ರಾಜ್ಯ, ಮೂರು ತಂಡ. ಈ ತಂಡದ ಒಂದು ಹಳೆಯ ಋತುವನ್ನು, ಮಹಾಯುದ್ಧ ಮುಗಿದ ಮೂರು ವರ್ಷಕ್ಕೆ, ಸ್ವಾತಂತ್ರ್ಯ ಬಂದ ಮರುವರ್ಷವೇ ಆಡಿದ 1948–49ರ ಋತುವನ್ನು, ರಣಜಿ ಆಟದ ಪರಿಚಯವೇ ಇಲ್ಲದವರಿಗೂ ಅರ್ಥವಾಗುವಂತೆ ಹೇಳುವುದು ಈ ಲೇಖನದ ಉದ್ದೇಶ.

ಮೊದಲು ಆಟದ ಕ್ರಮ. ರಣಜಿ ಟ್ರೋಫಿ ಆರಂಭವಾದದ್ದು 1934ರಲ್ಲಿ. ಮೊದಲ ಪಂದ್ಯ ಮದರಾಸಿನ ಚೆಪಾಕ್‌ನಲ್ಲಿ, ಮದರಾಸು ಮತ್ತು ನಮ್ಮ ಮೈಸೂರು ತಂಡಗಳ ನಡುವೆ. ಅದು ಒಂದೇ ದಿನದಲ್ಲಿ ಮುಗಿದು ಮೈಸೂರು ಸೋತಿತು. ಇಲ್ಲಿ ಓವರುಗಳಿಗೆ ಮಿತಿ ಇಲ್ಲ. ಪ್ರತಿ ತಂಡಕ್ಕೂ ಎರಡು ಇನಿಂಗ್ಸ್. ಹತ್ತು ವಿಕೆಟ್ ಬೀಳುವವರೆಗೆ, ಇಲ್ಲವೇ ನಾಯಕ ಸಾಕು ಎಂದು ಡಿಕ್ಲೇರ್ ಮಾಡುವವರೆಗೆ ಆಡಬಹುದು. ಎರಡೂ ಇನಿಂಗ್ಸ್ ಕೂಡಿಸಿದಾಗ ಯಾರ ರನ್ ಹೆಚ್ಚೋ ಅವರಿಗೆ ಗೆಲುವು. ಆದರೆ ಎದುರಾಳಿಯ ಎರಡೂ ಇನಿಂಗ್ಸ್ ಮುಗಿಯದೆ ಗೆಲ್ಲಲಾಗದು.

ಆ ಕಾಲದಲ್ಲಿ ಇನ್ನೆರಡು ಸಂಗತಿಗಳಿದ್ದವು. ಒಂದು, ಪಂದ್ಯಾವಳಿ ನಾಕೌಟ್ ಮಾದರಿಯದು: ಸೋತವರ ಋತು ಅಲ್ಲಿಗೆ ಮುಗಿಯಿತು. ವಲಯಗಳೊಳಗೆ ಲೀಗ್ ಪದ್ಧತಿ ಬಂದದ್ದು 1957–58ರಲ್ಲಿ. ಎರಡು, ಮುಂದಿನ ಸುತ್ತಿಗೆ ಯಾರು ಎಂಬುದು ತೀರ್ಮಾನವಾಗಲೇಬೇಕಾದ್ದರಿಂದ ದೊಡ್ಡ ಪಂದ್ಯಗಳನ್ನು ಫಲಿತಾಂಶ ಬರುವವರೆಗೂ ಆಡಿಸುತ್ತಿದ್ದರು. ದಿನಗಳ ಮಿತಿ ಇಲ್ಲದಿದ್ದರೆ ಬ್ಯಾಟ್ಸ್‌ಮನ್‌ಗೆ ಅವಸರವಿಲ್ಲ, ನಾಯಕನಿಗೆ ಡಿಕ್ಲೇರ್ ಮಾಡುವ ಒತ್ತಡವೂ ಇಲ್ಲ. ಪಿಚ್ ಬ್ಯಾಟಿಂಗಿಗೆ ಒದಗಿದರೆ ರನ್ನಿನ ರಾಶಿಯೇ ಬೀಳುತ್ತಿತ್ತು. 1945–46ರಲ್ಲಿ ಇಂದೋರಿನಲ್ಲಿ ಹೋಳ್ಕರ್ ತಂಡ ಮೈಸೂರಿನ ಮೇಲೆ ಎಂಟು ವಿಕೆಟ್ಟಿಗೆ 912 ರನ್ ಗಳಿಸಿ ಡಿಕ್ಲೇರ್ ಮಾಡಿಕೊಂಡಿತು. ಒಂದೇ ಇನಿಂಗ್ಸ್‌ನಲ್ಲಿ ಆರು ಶತಕ. ಅಂದು ಬೌಲ್ ಮಾಡಿದ ನಮ್ಮವರ ಪಾಡನ್ನು ನೆನೆದರೆ ಆ ಕಾಲದ ಕ್ರಿಕೆಟ್ ಎಂಥದ್ದೆಂದು ತಿಳಿಯುತ್ತದೆ.

ಈಗ 1948ರ ಡಿಸೆಂಬರ್‌ಗೆ ಬರೋಣ. ಪುಣೆಯಲ್ಲಿ ಮಹಾರಾಷ್ಟ್ರದ ಎದುರಾಳಿ ಕಾಠಿಯಾವಾಡ. ಇಂದಿನ ಗುಜರಾತಿನ ಸೌರಾಷ್ಟ್ರ ಪ್ರದೇಶದ ತಂಡ ಅದು. ಕಾಠಿಯಾವಾಡ 238ಕ್ಕೆ ಔಟಾಯಿತು. ಬಳಿಕ ಕೊಲ್ಹಾಪುರದಲ್ಲಿ ಹುಟ್ಟಿದ ಭಾವುಸಾಹೇಬ್ ನಿಂಬಾಳ್ಕರ್ ಕ್ರೀಸಿಗೆ ಬಂದರು. ಕೆ.ವಿ. ಭಂಡಾರ್ಕರ್ ಜೊತೆ ಎರಡನೇ ವಿಕೆಟ್ಟಿಗೆ 455 ರನ್ ಸೇರಿಸಿದರು. ಭಂಡಾರ್ಕರ್ 205ಕ್ಕೆ ಔಟಾದರೂ ನಿಂಬಾಳ್ಕರ್ ನಿಂತೇ ಇದ್ದರು. ಮೂರನೆಯ ದಿನದ ವಿರಾಮದ ವೇಳೆಗೆ ಮಹಾರಾಷ್ಟ್ರ ನಾಲ್ಕು ವಿಕೆಟ್ಟಿಗೆ 826. ನಿಂಬಾಳ್ಕರ್ 494 ನಿಮಿಷ ಆಡಿ, 49 ಬೌಂಡರಿ ಮತ್ತು ಒಂದು ಸಿಕ್ಸರ್ ಹೊಡೆದು, 443 ರನ್ನಿನೊಂದಿಗೆ ಔಟಾಗದೆ ಉಳಿದಿದ್ದರು. ಪ್ರಥಮ ದರ್ಜೆ ಕ್ರಿಕೆಟ್ಟಿನ ವಿಶ್ವದಾಖಲೆ ಆಗ ಡಾನ್ ಬ್ರಾಡ್‌ಮನ್ 1930ರಲ್ಲಿ ಸಿಡ್ನಿಯಲ್ಲಿ ಗಳಿಸಿದ 452. ಅದನ್ನು ಸರಿಗಟ್ಟಲು ಒಂಬತ್ತು ರನ್ ಸಾಕಿತ್ತು, ಹತ್ತು ಬಂದರೆ ದಾಖಲೆ ನಿಂಬಾಳ್ಕರ್ ಅವರದು.

ಆ ಹತ್ತು ರನ್ ಹೊಡೆಯುವ ಅವಕಾಶ ಅವರಿಗೆ ಸಿಗಲಿಲ್ಲ. ಕಾಠಿಯಾವಾಡದ ನಾಯಕ, ರಾಜಕೋಟೆಯ ಠಾಕೋರ್ ಸಾಹೇಬರು ಪಂದ್ಯವನ್ನೇ ಬಿಟ್ಟುಕೊಟ್ಟರು. ತಂಡ ಮತ್ತೆ ಮೈದಾನಕ್ಕೆ ಇಳಿಯಲಿಲ್ಲ. ಮಹಾರಾಷ್ಟ್ರಕ್ಕೆ ಗೆಲುವು ಸಿಕ್ಕಿತು, ನಿಂಬಾಳ್ಕರ್‌ಗೆ ದಾಖಲೆ ತಪ್ಪಿತು. ಬ್ರಾಡ್‌ಮನ್ ದಾಖಲೆಯನ್ನು ಮುಂದೆ 1959ರಲ್ಲಿ ಕರಾಚಿಯಲ್ಲಿ 499 ಹೊಡೆದು ಮುರಿದವರು ಹನೀಫ್ ಮೊಹಮ್ಮದ್. ಅದನ್ನೂ ದಾಟಿದ್ದು 1994ರಲ್ಲಿ ಬ್ರಯಾನ್ ಲಾರಾ ಅವರ 501. ಆದರೂ ಭಾರತೀಯನೊಬ್ಬ ಪ್ರಥಮ ದರ್ಜೆಯಲ್ಲಿ ಗಳಿಸಿದ ಅತಿ ದೊಡ್ಡ ಮೊತ್ತ ಎಂಬ ಗೌರವ ಆ 443ಕ್ಕೇ ಉಳಿದಿದೆ. ಇಷ್ಟು ಆಡಿದ ನಿಂಬಾಳ್ಕರ್ ಭಾರತದ ಪರವಾಗಿ ಒಂದು ಟೆಸ್ಟನ್ನೂ ಆಡಲಿಲ್ಲ.

ಅದೇ ಚಳಿಗಾಲದಲ್ಲಿ ವೆಸ್ಟ್ ಇಂಡೀಸ್ ತಂಡ ಭಾರತದಲ್ಲಿತ್ತು. ಸ್ವತಂತ್ರ ಭಾರತ ತನ್ನ ನೆಲದಲ್ಲಿ ಆಡಿದ ಮೊದಲ ಟೆಸ್ಟ್ ಸರಣಿ ಅದು. 1949ರ ಫೆಬ್ರವರಿಯಲ್ಲಿ ಮುಂಬೈಯ ಕೊನೆಯ ಟೆಸ್ಟಿನಲ್ಲಿ ಗೆಲುವಿಗೆ ಆರು ರನ್ ಬಾಕಿ ಇದ್ದಾಗ ಭಾರತಕ್ಕೆ ವೇಳೆ ಮುಗಿದುಹೋಯಿತು. ಅದಾದ ಮರುತಿಂಗಳೇ, ಮಾರ್ಚ್ 5ರಿಂದ ಪುಣೆಯಲ್ಲಿ ರಣಜಿ ಸೆಮಿಫೈನಲ್: ಮಹಾರಾಷ್ಟ್ರದ ಎದುರು ಮುಂಬೈ. ಇಲ್ಲಿ ಮಾತ್ರ ವೇಳೆ ಮುಗಿಯುವ ಮಾತೇ ಇರಲಿಲ್ಲ.

ಈ ಪಂದ್ಯದ ಅಂಕಪಟ್ಟಿಯನ್ನು ನಿಧಾನವಾಗಿ ಓದಬೇಕು. ಮುಂಬೈ ಮೊದಲ ಇನಿಂಗ್ಸ್ 651. ಮಾಧವ ಮಂತ್ರಿ 200, ಉದಯ ಮರ್ಚಂಟ್ 143, ದತ್ತು ಫಡ್ಕರ್ 131. ಮಹಾರಾಷ್ಟ್ರ 407. ಎಂ.ಸಿ. ದಾತಾರ್ 143, ಎಂ.ಆರ್. ರೇಗೆ 133. ಹಾಗಾಗಿ ಮುಂಬೈಗೆ 244 ರನ್ ಮುನ್ನಡೆ. ಮತ್ತೆ ಬ್ಯಾಟಿಗಿಳಿದ ಮುಂಬೈ ಎಂಟು ವಿಕೆಟ್ಟಿಗೆ 714 ಗಳಿಸಿ ಡಿಕ್ಲೇರ್ ಮಾಡಿತು. ಮರ್ಚಂಟ್ 156, ಫಡ್ಕರ್ 160: ಇಬ್ಬರಿಗೂ ಎರಡೂ ಇನಿಂಗ್ಸ್‌ನಲ್ಲಿ ಶತಕ. ಈಗ ಲೆಕ್ಕ ಹಾಕಿ. 244ಕ್ಕೆ 714 ಸೇರಿಸಿದರೆ 958. ಅಂದರೆ ಗೆಲ್ಲಲು ಮಹಾರಾಷ್ಟ್ರ 959 ರನ್ ಹೊಡೆಯಬೇಕು, ಅದೂ ನಾಲ್ಕನೇ ಇನಿಂಗ್ಸ್‌ನಲ್ಲಿ, ದಿನಗಟ್ಟಲೆ ಬಿಸಿಲಲ್ಲಿ ಫೀಲ್ಡಿಂಗ್ ಮಾಡಿ ದಣಿದ ಕಾಲುಗಳಲ್ಲಿ. ಅಂಥ ಗುರಿಯನ್ನು ಯಾವ ತಂಡವೂ ಮುಟ್ಟಿರಲಿಲ್ಲ, ಇಂದಿಗೂ ಮುಟ್ಟಿಲ್ಲ.

ಮೂರು ತಿಂಗಳ ಹಿಂದೆ ಇದೇ ಪುಣೆಯಲ್ಲಿ ಇಂಥದೇ ಬೆಟ್ಟದ ಮುಂದೆ ನಿಂತ ಕಾಠಿಯಾವಾಡ ಆಟ ಬಿಟ್ಟು ನಡೆದಿತ್ತು. ಮಹಾರಾಷ್ಟ್ರ ನಡೆಯಲಿಲ್ಲ. ರೇಗೆ ಮತ್ತೊಂದು ಶತಕ ಹೊಡೆದರು, ಸರಿಯಾಗಿ 100. ಎಸ್.ಡಿ. ದೇವಧರ್ 146 ಗಳಿಸಿದರು. ಕೊನೆಯ ವಿಕೆಟ್ ಬಿದ್ದಾಗ ಮೊತ್ತ 604. ಮುಂಬೈ 354 ರನ್‌ಗಳಿಂದ ಗೆದ್ದಿತು. ಏಳು ದಿನ, ಒಂಬತ್ತು ಶತಕ, ನಾಲ್ಕೂ ಇನಿಂಗ್ಸ್ ಸೇರಿ 2,376 ರನ್. ಪ್ರಥಮ ದರ್ಜೆಯ ಒಂದೇ ಪಂದ್ಯದಲ್ಲಿ ಬಂದ ಅತಿ ಹೆಚ್ಚಿನ ರನ್ ಅದು. 1939ರಲ್ಲಿ ಡರ್ಬನ್‌ನಲ್ಲಿ ಇಂಗ್ಲೆಂಡ್ ಮತ್ತು ದಕ್ಷಿಣ ಆಫ್ರಿಕಾ ಹಡಗು ಹೊರಡುವ ಹೊತ್ತಿನವರೆಗೆ ಆಡಿ ಫಲಿತಾಂಶವಿಲ್ಲದೆ ಬಿಟ್ಟ ಟೆಸ್ಟಿನಲ್ಲೂ ಒಟ್ಟು ಬಂದದ್ದು 1,981.

ಫೈನಲ್‌ನಲ್ಲಿ ಮುಂಬೈ ಬರೋಡವನ್ನು ಸೋಲಿಸಿ ಕಪ್ ಒಯ್ದಿತು. 1939–40 ಮತ್ತು 1940–41ರಲ್ಲಿ ಪ್ರೊಫೆಸರ್ ಡಿ.ಬಿ. ದೇವಧರ್ ನಾಯಕತ್ವದಲ್ಲಿ ಎರಡು ಬಾರಿ ರಣಜಿ ಗೆದ್ದಿದ್ದ ಮಹಾರಾಷ್ಟ್ರಕ್ಕೆ ಆ ಮೇಲೆ ಕಪ್ ದಕ್ಕಲಿಲ್ಲ. ಮತ್ತೆ ಹತ್ತಿರ ಬಂದ ಸಂದರ್ಭಗಳಲ್ಲಿ ಒಂದು 2013–14ರ ಫೈನಲ್. ಅಂದು ಹೈದರಾಬಾದಿನಲ್ಲಿ ಅದನ್ನು ತಡೆದದ್ದು ನಮ್ಮ ಕರ್ನಾಟಕ.

ಹೊಸದಾಗಿ ಕ್ರಿಕೆಟ್ ಇತಿಹಾಸ ಓದುವವರು ಸಾಮಾನ್ಯವಾಗಿ ಕಪ್ ಗೆದ್ದವರ ಪಟ್ಟಿಯಿಂದ ಆರಂಭಿಸುತ್ತಾರೆ. ಆ ಪಟ್ಟಿಯಲ್ಲಿ 1948–49ರ ಎದುರು ಮುಂಬೈ ಎಂದಷ್ಟೇ ಇದೆ. ಆದರೆ ಆ ಋತುವಿನ ಎರಡು ದೊಡ್ಡ ದಾಖಲೆಗಳಲ್ಲೂ ಮಹಾರಾಷ್ಟ್ರದ ಪಾಲಿದೆ, ಮತ್ತು ನನ್ನ ತೂಕದಲ್ಲಿ ಎದುರಾಳಿ ಬಿಟ್ಟುಹೋದ 826ಕ್ಕಿಂತ ಕೊನೆಯ ವಿಕೆಟ್ಟಿನವರೆಗೆ ಆಡಿ ಸೋತ 604 ದೊಡ್ಡದು. ಗೆಲ್ಲಲಾಗದು ಎಂದು ಗೊತ್ತಿದ್ದೂ ಆಟವನ್ನು ಪೂರ್ತಿ ಆಡುವುದು ಎದುರಾಳಿಗೂ ಆಟಕ್ಕೂ ಸಲ್ಲಿಸುವ ಮರ್ಯಾದೆ.

ನಾಸಿಕದ ಅನಂತ ಕಾನ್ಹೇರೆ ಮೈದಾನದಲ್ಲಿ ಮಹಾರಾಷ್ಟ್ರ ತಂಡ ರಣಜಿ ಪಂದ್ಯಗಳನ್ನು ಆಡುತ್ತದೆ. ದೇವಳಾಲಿಯಿಂದ ಅದು ದೂರವೇನಲ್ಲ. ಮುಂದಿನ ಬಾರಿ ಪಂದ್ಯವಿದ್ದಾಗ ಮಕ್ಕಳನ್ನು ಕರೆದುಕೊಂಡು ಹೋಗಿ. ಮೊದಲ ದಿನ ನೋಡಲಾಗದಿದ್ದರೂ ಚಿಂತೆಯಿಲ್ಲ, ಕೊನೆಯ ದಿನದ ನಾಲ್ಕನೇ ಇನಿಂಗ್ಸನ್ನು ತಪ್ಪಿಸಬೇಡಿ.