ಮತ ಮತ್ತು ಮತಭೇದ: ಚಿಕ್ಕಮಗಳೂರು ಸೀಮೆಯ ನಿದರ್ಶನಗಳಿಂದ ಒಂದು ವಿವೇಚನೆ

ಕನ್ನಡದಲ್ಲಿ ‘ಮತ’ ಎಂಬ ಪದಕ್ಕೆ ಮೂರು ಅರ್ಥಗಳುಂಟು. ಒಬ್ಬನ ಅಭಿಪ್ರಾಯ ಅವನ ಮತ. ಅವನು ನಂಬಿ ನಡೆಯುವ ಧರ್ಮಮಾರ್ಗ ಅವನ ಮತ. ಚುನಾವಣೆಯ ದಿನ ಅವನು ಗುಪ್ತವಾಗಿ ನೀಡುವ ತೀರ್ಪೂ ಅವನ ಮತವೇ. ‘ಮನ್’ ಎಂಬ ಸಂಸ್ಕೃತ ಧಾತುವಿನಿಂದ ಬಂದ ಈ ಪದಕ್ಕೆ ‘ಆಲೋಚಿಸಲ್ಪಟ್ಟದ್ದು’ ಎಂಬುದು ಮೂಲಾರ್ಥ. ಆದರೆ ಲೋಕವ್ಯವಹಾರದಲ್ಲಿ ಮನುಷ್ಯನು ಆಲೋಚಿಸಿ ಮತವನ್ನು ತಾಳುವುದಕ್ಕಿಂತ, ತಾಳಿದ ಮತಕ್ಕಾಗಿ ಆಲೋಚಿಸುವುದೇ ಹೆಚ್ಚು. ಈ ಮೂರು ಅರ್ಥಗಳು ಒಂದರೊಳಗೊಂದು ಹೆಣೆದುಕೊಂಡಾಗ ಸಜ್ಜನರೂ ಪರಸ್ಪರ ವೈರಿಗಳಂತೆ ವರ್ತಿಸುವುದೇಕೆ ಎಂಬುದು ಶಿಕ್ಷಕರೂ ಸಾರ್ವಜನಿಕರೂ ವಿವೇಚಿಸಬೇಕಾದ ವಿಷಯವಾಗಿದೆ.

ಚಂದ್ರದ್ರೋಣ ಪರ್ವತದ ತಪ್ಪಲಿನಲ್ಲಿ, ತರೀಕೆರೆಯಿಂದ ಕಲ್ಲತ್ತಿಗಿರಿ ಮತ್ತು ಕೆಮ್ಮಣ್ಣುಗುಂಡಿಗಳಿಗೆ ಹೋಗುವ ಮಾರ್ಗದಲ್ಲಿರುವ ಲಿಂಗದಹಳ್ಳಿಯಂಥ ಊರಿನಲ್ಲಿ ಈ ವಿಷಯ ಕೇವಲ ಶಾಸ್ತ್ರಚರ್ಚೆಯಲ್ಲ. ಇಂಥ ಊರಿನಲ್ಲಿ ಶಾಲೆಯ ಕೊಠಡಿಯೇ ಚುನಾವಣೆಯ ದಿನ ಮತಗಟ್ಟೆಯಾಗುತ್ತದೆ. ಮರುದಿನ ಅದೇ ಕೊಠಡಿಯಲ್ಲಿ ಎದುರುಬದುರು ಪಕ್ಷದವರ ಮಕ್ಕಳು ಒಂದೇ ಬೆಂಚಿನ ಮೇಲೆ ಕುಳಿತು ಪಾಠ ಕೇಳುತ್ತಾರೆ. ಅಡಿಕೆ ತೋಟದ ಬೇಲಿ, ಕೆರೆಯ ನೀರಿನ ಸರದಿ, ಜಾತ್ರೆಯ ದಾಸೋಹದ ಪಂಕ್ತಿ ಇವೆಲ್ಲವೂ ಎರಡು ಪಕ್ಷದವರಿಗೂ ಸಮಾನವಾದವು. ಆದುದರಿಂದ ಭೇದದ ಕಾರಣವನ್ನು ಅರಿಯುವುದು ಇಲ್ಲಿ ಬದುಕಿನ ಅಗತ್ಯವೇ ಆಗಿದೆ.

1978ರ ಉಪಚುನಾವಣೆ

ಈ ಜಿಲ್ಲೆಯ ಹೆಸರು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಅಚ್ಚಾದುದು 1978ರ ನವೆಂಬರಿನಲ್ಲಿ. ತುರ್ತುಪರಿಸ್ಥಿತಿಯ ನಂತರ ನಡೆದ 1977ರ ಮಹಾಚುನಾವಣೆಯಲ್ಲಿ ರಾಯ್‌ಬರೇಲಿಯಲ್ಲಿ ಪರಾಭವಗೊಂಡಿದ್ದ ಶ್ರೀಮತಿ ಇಂದಿರಾ ಗಾಂಧಿಯವರು, ಶ್ರೀ ಡಿ.ಬಿ. ಚಂದ್ರೇಗೌಡರು ರಾಜೀನಾಮೆಯಿತ್ತು ತೆರವು ಮಾಡಿದ ಚಿಕ್ಕಮಗಳೂರು ಲೋಕಸಭಾ ಸ್ಥಾನಕ್ಕೆ ಸ್ಪರ್ಧಿಸಿದರು. ಅವರ ಎದುರು ಜನತಾ ಪಕ್ಷದಿಂದ ನಿಂತವರು 1968ರಿಂದ 1971ರವರೆಗೆ ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ಶ್ರೀ ವೀರೇಂದ್ರ ಪಾಟೀಲರು. ಇಂದಿರಾ ಗಾಂಧಿಯವರಿಗೆ 2,49,376 ಮತಗಳೂ ಪಾಟೀಲರಿಗೆ 1,72,043 ಮತಗಳೂ ಬಂದವು. ಅಂತರ 77,333.

ಕೇವಲ ಜಾತಿಯ ಲೆಕ್ಕವನ್ನೇ ನಂಬುವವರಿಗೆ ಈ ಫಲಿತಾಂಶ ಒಂದು ಸಮಸ್ಯೆ. ಪಾಟೀಲರು ಲಿಂಗಾಯತರು, ಸಜ್ಜನರೆಂದು ಹೆಸರಾದವರು. ಜಿಲ್ಲೆಯ ಬಯಲುಸೀಮೆಯ ಭಾಗದಲ್ಲಿ ಲಿಂಗಾಯತರ ಸಂಖ್ಯೆ ಗಣನೀಯ. ಪ್ರತಿಸ್ಪರ್ಧಿಯಾದರೋ ಉತ್ತರಭಾರತದಿಂದ ಬಂದವರು, ಕನ್ನಡ ಬಲ್ಲವರಲ್ಲ. ಆದರೂ ಬಹುಸಂಖ್ಯೆಯ ಮತದಾರರು ಅವರನ್ನೇ ಆರಿಸಿದರು.

ಇದರ ಹಿನ್ನೆಲೆಯಲ್ಲಿ ಶ್ರೀ ಡಿ. ದೇವರಾಜ ಅರಸರ ಆಡಳಿತವಿತ್ತು. ಭೂಸುಧಾರಣಾ ಶಾಸನದ ತಿದ್ದುಪಡಿಯಂತೆ 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾದವು. ಏಳನೆಯ ನಮೂನೆಯಲ್ಲಿ ಅರ್ಜಿ ಸಲ್ಲಿಸಿದ ಗೇಣಿದಾರರು ಭೂನ್ಯಾಯಮಂಡಳಿಯ ಮುಂದೆ ನಿಂತು ಒಡೆತನದ ಹಕ್ಕು ಕೇಳಿದರು. ಹಾವನೂರು ಆಯೋಗ 1975ರಲ್ಲಿ ನೀಡಿದ ವರದಿ ಹಿಂದುಳಿದ ವರ್ಗಗಳಿಗೆ ವಿದ್ಯಾಭ್ಯಾಸ ಮತ್ತು ಉದ್ಯೋಗಗಳಲ್ಲಿ ದಾರಿ ತೆರೆಯಿತು. ಆ ಪಟ್ಟಿಯಲ್ಲಿ ಲಿಂಗಾಯತರು ಸೇರಿರಲಿಲ್ಲ.

ಈಗ ಇಬ್ಬರು ಮತದಾರರನ್ನು ಕಲ್ಪಿಸಿಕೊಳ್ಳಬಹುದು. ತಲೆತಲಾಂತರದಿಂದ ಪರರ ಭೂಮಿ ಉತ್ತು, ಮೊದಲ ಬಾರಿಗೆ ತನ್ನ ಹೆಸರಿನಲ್ಲಿ ಪಹಣಿ ಕಂಡವನು ಒಬ್ಬ. ಗೇಣಿಯ ಭತ್ತದಿಂದಲೇ ಮಕ್ಕಳನ್ನು ಓದಿಸುತ್ತಿದ್ದ, ಆ ಆಧಾರ ತಪ್ಪಿದ ವಿಧವೆ ಇನ್ನೊಬ್ಬಳು. ಮೊದಲನೆಯವನಿಗೆ ಆ ಚುನಾವಣೆ ಕೃತಜ್ಞತೆಯ ಪ್ರಶ್ನೆ. ಎರಡನೆಯವಳಿಗೆ ಅನ್ಯಾಯದ ಪ್ರಶ್ನೆ. ಮೂರನೆಯವನೊಬ್ಬ, ತುರ್ತುಪರಿಸ್ಥಿತಿಯಲ್ಲಿ ವಿಚಾರಣೆಯಿಲ್ಲದೆ ಸೆರೆಮನೆಗೆ ಹೋದವರನ್ನು ನೆನೆದು, ಸ್ವಾತಂತ್ರ್ಯವೇ ಮುಖ್ಯವೆಂದಿರಬಹುದು. ಈ ಮೂವರಲ್ಲಿ ಯಾರೂ ದುರ್ಜನರಲ್ಲ. ಮೂವರೂ ಒಂದೊಂದು ನೈಜ ಮೌಲ್ಯವನ್ನು ಕಾಯಲು ಹೊರಟವರು. ಅವರ ತಕ್ಕಡಿಯಲ್ಲಿ ಯಾವ ಮೌಲ್ಯ ಹೆಚ್ಚು ತೂಗಿತೆಂಬುದಷ್ಟೇ ವ್ಯತ್ಯಾಸ.

ಅಂಕುಶ ಮತ್ತು ಆನೆ

ಅಮೆರಿಕದ ಸಾಮಾಜಿಕ ಮನಶ್ಶಾಸ್ತ್ರಜ್ಞ ಜೋನಾಥನ್ ಹೈಟ್ 2012ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದೇ ಸಂಗತಿಯನ್ನು ವಿವರಿಸಿದ್ದಾರೆ. ಅವರ ಅಭಿಪ್ರಾಯದಲ್ಲಿ ಮನುಷ್ಯನ ನೈತಿಕ ತೀರ್ಪುಗಳಿಗೆ ಅನುಕಂಪ, ನ್ಯಾಯ, ಸ್ವಾತಂತ್ರ್ಯ, ಬಳಗನಿಷ್ಠೆ, ಹಿರಿತನದ ಗೌರವ, ಪಾವಿತ್ರ್ಯ ಎಂಬ ಹಲವು ನೆಲೆಗಳಿವೆ. ಎಲ್ಲರಲ್ಲಿಯೂ ಇವು ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಮನಸ್ಸಿನ ಸಹಜ ಒಲವನ್ನು ಅವರು ಆನೆಗೂ ಯುಕ್ತಿಯನ್ನು ಅದರ ಮೇಲೆ ಕುಳಿತ ಸವಾರನಿಗೂ ಹೋಲಿಸುತ್ತಾರೆ. ಸಕ್ರೆಬೈಲಿನ ಆನೆಬಿಡಾರ ಕಂಡವರಿಗೆ ಈ ಹೋಲಿಕೆ ಸುಲಭವಾಗಿ ತಿಳಿಯುತ್ತದೆ. ಆನೆ ಒಂದು ದಿಕ್ಕಿಗೆ ಹೊರಳಿತೆಂದರೆ, ಆ ದಿಕ್ಕೇ ಸರಿಯೆಂದು ಸಮರ್ಥಿಸುವುದು ಸವಾರನ ಕೆಲಸವಾಗಿಬಿಡುತ್ತದೆ. ಅಂತೆಯೇ ವಾದದಲ್ಲಿ ಎದುರಾಳಿಯ ಯುಕ್ತಿಯನ್ನು ಎಷ್ಟು ಖಂಡಿಸಿದರೂ ಅವನ ಒಲವು ಬದಲಾಗುವುದಿಲ್ಲ.

ಆದರೆ ಒಲವು ಶೂನ್ಯದಿಂದ ಹುಟ್ಟುವುದಿಲ್ಲ. ಅದಕ್ಕೆ ಊರಿನ ಸಂಬಂಧಗಳ ಬೇರುಂಟು. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು 1948ರಲ್ಲಿ ತಾವು ‘ರಾಂಪುರ’ ಎಂದು ಕರೆದ ಹಳ್ಳಿಯಲ್ಲಿ ವಾಸಮಾಡಿ ಅಧ್ಯಯನ ನಡೆಸಿದರು. ಇಂದು ಎಲ್ಲರ ಬಾಯಲ್ಲಿರುವ ‘ವೋಟ್ ಬ್ಯಾಂಕ್’ ಎಂಬ ಮಾತನ್ನು 1955ರ ಲೇಖನದಲ್ಲಿ ಬಳಕೆಗೆ ತಂದವರು ಅವರೇ. ಆಗ ಅದರ ಅರ್ಥ ಇಂದಿನಂತೆ ಒಂದು ಜಾತಿಯ ಒಟ್ಟು ಮತ ಎಂದಿರಲಿಲ್ಲ. ಊರಿನ ಮುಖಂಡನೊಬ್ಬನು ತನ್ನ ಆಶ್ರಯದಲ್ಲಿರುವವರ ಮತಗಳನ್ನು ಅಭ್ಯರ್ಥಿಗೆ ಒದಗಿಸಿಕೊಡುವ ವ್ಯವಸ್ಥೆಯನ್ನು ಅವರು ಹಾಗೆ ಕರೆದರು. ಆಪತ್ತಿನಲ್ಲಿ ಸಾಲ ಕೊಟ್ಟವನ, ಮದುವೆಗೆ ನೆರವಾದವನ ಮಾತನ್ನು ಮೀರುವುದು ಹೇಗೆ ಎಂಬ ಸಂಕೋಚವೇ ಅದರ ತಳಹದಿ. ಕಾಲಕ್ರಮದಲ್ಲಿ ಭೂಮಿಯ ಹಂಗು ಸಡಿಲವಾದಂತೆ, ಆ ಸ್ಥಾನವನ್ನು ಜಾತಿ, ಮಠ, ಪಕ್ಷಗಳ ಅಭಿಮಾನ ಆಕ್ರಮಿಸಿತು. ವ್ಯಕ್ತಿಯ ಹಂಗಿಗಿಂತ ಅಭಿಮಾನದ ಹಂಗು ಬಲವಾದುದು. ಏಕೆಂದರೆ ಅದನ್ನು ಹಂಗೆಂದು ಯಾರೂ ಗುರುತಿಸುವುದಿಲ್ಲ.

ಅಭಿಮಾನಕ್ಕೆ ಪೆಟ್ಟು ಬಿದ್ದಾಗ ಏನಾಗುತ್ತದೆಂಬುದಕ್ಕೂ ನಿದರ್ಶನವುಂಟು. 1978ರಲ್ಲಿ ಇಂದಿರಾ ಗಾಂಧಿಯವರನ್ನು ಎದುರಿಸಿದ್ದ ವೀರೇಂದ್ರ ಪಾಟೀಲರೇ ಮುಂದೆ ಕಾಂಗ್ರೆಸ್ ಸೇರಿ, 1989ರಲ್ಲಿ ಆ ಪಕ್ಷ 178 ಸ್ಥಾನಗಳನ್ನು ಗೆದ್ದಾಗ ಮತ್ತೆ ಮುಖ್ಯಮಂತ್ರಿಗಳಾದರು. 1990ರ ಅಕ್ಟೋಬರಿನಲ್ಲಿ, ಅವರು ಅಸ್ವಸ್ಥರಾಗಿದ್ದಾಗಲೇ, ಪಕ್ಷದ ವರಿಷ್ಠರು ಅವರನ್ನು ಪದವಿಯಿಂದ ಇಳಿಸಿದರು. 1994ರ ಚುನಾವಣೆಯಲ್ಲಿ ಕಾಂಗ್ರೆಸ್ 34 ಸ್ಥಾನಗಳಿಗೆ ಕುಸಿಯಿತು. ಅದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಲಿಂಗಾಯತ ಸಮುದಾಯಕ್ಕಾದ ನೋವೂ ಒಂದೆಂದು ವಿಶ್ಲೇಷಕರು ಹೇಳುತ್ತ ಬಂದಿದ್ದಾರೆ. 1978ರಲ್ಲಿ ಸಮುದಾಯದ ಹೆಸರು ಪಾಟೀಲರನ್ನು ಗೆಲ್ಲಿಸಲಿಲ್ಲ. 1994ರಲ್ಲಿ ಅವರಿಗಾದ ಅಪಮಾನ ಸಮುದಾಯದ ಅಪಮಾನವೆನಿಸಿತು. ಜಾತಿ ಸದಾ ಒಂದೇ ರೀತಿ ಮತವನ್ನು ನಿರ್ಧರಿಸುವುದಿಲ್ಲ. ತಮ್ಮವರನ್ನು ಕಡೆಗಣಿಸಿದರೆಂಬ ಭಾವನೆ ಹುಟ್ಟಿದಾಗ ಅದು ಎಚ್ಚೆತ್ತುಕೊಳ್ಳುತ್ತದೆ.

ಒಂದೇ ಗುಹೆ, ಎರಡು ಹೆಸರು

ಇಲ್ಲಿಯವರೆಗೆ ಹೇಳಿದ್ದು ರಾಜಕೀಯ ನಂಬಿಕೆಯ ಮಾತು. ಧರ್ಮಶ್ರದ್ಧೆಗೂ ಇದೇ ನ್ಯಾಯ ಅನ್ವಯಿಸುತ್ತದೆ. ಚಂದ್ರದ್ರೋಣ ಪರ್ವತದ ಮೇಲಿನ ಗುಹೆಯೊಂದನ್ನು ಹಿಂದೂಗಳು ದತ್ತಾತ್ರೇಯ ಪೀಠವೆಂದೂ ಮುಸಲ್ಮಾನರು ದಾದಾ ಹಯಾತ್ ಮೀರ್ ಖಲಂದರರ ಸನ್ನಿಧಿಯೆಂದೂ ಬಹುಕಾಲದಿಂದ ಪೂಜಿಸುತ್ತ ಬಂದಿದ್ದಾರೆ. 1975ರಲ್ಲಿ ಅದರ ಆಡಳಿತವನ್ನು ಮುಜರಾಯಿ ಇಲಾಖೆಯಿಂದ ವಕ್ಫ್ ಮಂಡಳಿಗೆ ವರ್ಗಾಯಿಸಿದಾಗ ವ್ಯಾಜ್ಯ ಹುಟ್ಟಿತು. ಅದು ಉಭಯ ಸಮುದಾಯಗಳಿಗೂ ಸೇರಿದ ಸ್ಥಳವೆಂದು 1980ರಲ್ಲಿ ಜಿಲ್ಲಾ ನ್ಯಾಯಾಲಯ ತೀರ್ಪಿತ್ತಿತು. ಆದರೂ ಮುಂದಿನ ದಶಕಗಳಲ್ಲಿ ಆ ಗಿರಿ ಮೆರವಣಿಗೆಗಳಿಗೂ ಪ್ರತಿಸಭೆಗಳಿಗೂ ಪೊಲೀಸ್ ಕಾವಲಿಗೂ ಸುದ್ದಿಯಾಯಿತು. ಶತಮಾನಗಳ ಕಾಲ ಎರಡು ಹೆಸರುಗಳನ್ನು ಹೊತ್ತಿದ್ದ ಗುಹೆ, ‘ಯಾರದು?’ ಎಂಬ ಪ್ರಶ್ನೆ ಬಂದ ಕೂಡಲೆ ಇಕ್ಕಟ್ಟಾಯಿತು. ಪಾವಿತ್ರ್ಯದ ಭಾವನೆ ತಾನಾಗಿ ಕಲಹಕಾರಿಯಲ್ಲ. ಅದು ಸ್ವಾಮ್ಯದ ಪ್ರಶ್ನೆಯಾಗಿ, ಆ ಬಳಿಕ ಚುನಾವಣೆಯ ಪ್ರಶ್ನೆಯಾಗಿ ಮಾರ್ಪಟ್ಟಾಗ ಕಲಹ ಬೆಳೆಯುತ್ತದೆ.

ಒಂದೇ ಮನೆಯೊಳಗಿನ ಭೇದ

ಭೇದವು ಅನ್ಯಧರ್ಮೀಯರ ನಡುವೆ ಮಾತ್ರ ಉಂಟಾಗುತ್ತದೆಂದು ಭಾವಿಸುವಂತಿಲ್ಲ. ನ್ಯಾಯಮೂರ್ತಿ ನಾಗಮೋಹನ ದಾಸ್ ಸಮಿತಿಯ ವರದಿಯ ಆಧಾರದ ಮೇಲೆ, 2018ರ ಮಾರ್ಚ್ 19ರಂದು ರಾಜ್ಯ ಸಚಿವಸಂಪುಟವು ಲಿಂಗಾಯತರಿಗೂ ಬಸವತತ್ತ್ವವನ್ನು ನಂಬುವ ವೀರಶೈವ ಲಿಂಗಾಯತರಿಗೂ ಧಾರ್ಮಿಕ ಅಲ್ಪಸಂಖ್ಯಾತ ಸ್ಥಾನಮಾನ ನೀಡಬೇಕೆಂದು ಕೇಂದ್ರಕ್ಕೆ ಶಿಫಾರಸು ಮಾಡಲು ತೀರ್ಮಾನಿಸಿತು. ಹನ್ನೆರಡನೆಯ ಶತಮಾನದ ಶರಣರು ವರ್ಣಭೇದವನ್ನು ನಿರಾಕರಿಸಿ ಸ್ವತಂತ್ರ ಪಥವನ್ನು ತೋರಿದರೆಂಬುದು ಒಂದು ಪಕ್ಷದ ನಿಲುವು. ವೀರಶೈವ ಮತ್ತು ಲಿಂಗಾಯತ ಒಂದೇ, ಅದರ ಪರಂಪರೆ ಪ್ರಾಚೀನವಾದುದು, ಅದನ್ನು ಒಡೆಯಬಾರದೆಂಬುದು ಇನ್ನೊಂದು ಪಕ್ಷದ ನಿಲುವು. ಇದೇ ಜಿಲ್ಲೆಯ ಬಾಳೆಹೊನ್ನೂರಿನ ರಂಭಾಪುರಿ ಪೀಠವೂ ಸೇರಿದಂತೆ ಪಂಚಪೀಠಗಳು ಶಿಫಾರಸನ್ನು ವಿರೋಧಿಸಿದವು. ಹಲವು ಮಠಾಧೀಶರು ಸ್ವಾಗತಿಸಿದರು. ಕೇಂದ್ರ ಸರ್ಕಾರ ಅದನ್ನು ಒಪ್ಪಲಿಲ್ಲ.

ಒಬ್ಬರಿಗೆ ಮುಖ್ಯವಾದದ್ದು ಸಮತೆಯ ಸಂದೇಶದ ಸ್ವಂತಿಕೆ. ಇನ್ನೊಬ್ಬರಿಗೆ ಮುಖ್ಯವಾದದ್ದು ಬಳಗದ ಐಕ್ಯ. ಎರಡೂ ಗೌರವಾರ್ಹ. ಆದರೆ ಆ ಚರ್ಚೆ ಮೇ 12ರ ಮತದಾನಕ್ಕೆ ಎರಡೇ ತಿಂಗಳು ಮುಂಚೆ ತೀವ್ರವಾದುದರಿಂದ, ಪ್ರತಿಯೊಂದು ತಾತ್ತ್ವಿಕ ಮಾತನ್ನೂ ಜನರು ಪಕ್ಷದ ಮಾತಾಗಿಯೇ ಕೇಳಿದರು. ಒಂದೇ ಇಷ್ಟಲಿಂಗವನ್ನು ಧರಿಸಿದ ಅಣ್ಣತಮ್ಮಂದಿರಿಗೂ, ಎದುರಿಗಿರುವವನು ಶರಣರನ್ನು ಕುರಿತು ಮಾತನಾಡುತ್ತಿರುವನೋ ಅಭ್ಯರ್ಥಿಯನ್ನು ಕುರಿತೋ ಎಂಬ ಶಂಕೆ ಹುಟ್ಟಿದರೆ ಆಶ್ಚರ್ಯವಿಲ್ಲ. ಮತದ ಮೂರು ಅರ್ಥಗಳೂ ಒಂದಾಗಿಬಿಟ್ಟ ಸಂದರ್ಭವದು.

ನಾಯಕರು ನಡೆದರು, ನೆರೆಯವರು ಉಳಿದರು

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ವೀರೇಂದ್ರ ಪಾಟೀಲರು ತಾವು ಎದುರಿಸಿದ ಪಕ್ಷದ ಮುಖ್ಯಮಂತ್ರಿಗಳೇ ಆದರು. ಇಂದಿರಾ ಗಾಂಧಿಯವರಿಗೆ ಸ್ಥಾನ ಬಿಟ್ಟುಕೊಟ್ಟ ಚಂದ್ರೇಗೌಡರು 2009ರಲ್ಲಿ ಬೆಂಗಳೂರು ಉತ್ತರದಿಂದ ಭಾರತೀಯ ಜನತಾ ಪಕ್ಷದ ಸದಸ್ಯರಾಗಿ ಲೋಕಸಭೆಗೆ ಆಯ್ಕೆಯಾದರು. ಇದನ್ನು ದೋಷವೆನ್ನಬೇಕಿಲ್ಲ, ಕಾಲ ಬದಲಾದಂತೆ ರಾಜಕಾರಣಿಗಳ ನಿಲುವೂ ಬದಲಾಗುತ್ತದೆ. ಆದರೆ ಅವರಿಗಾಗಿ ಜಗಳವಾಡಿ ಮಾತು ಬಿಟ್ಟ ನೆರೆಹೊರೆಯವರಿಗೆ ಹಾಗೆ ಮನೆ ಬದಲಿಸುವ ಅನುಕೂಲವಿಲ್ಲ. ಅವರು ಅದೇ ಬೀದಿಯಲ್ಲಿ, ಅದೇ ಬೇಲಿಯ ಆಚೆ ಈಚೆ ಬಾಳಬೇಕು.

ಮತದಾರರೂ ಅಚಲರಲ್ಲ. ತರೀಕೆರೆ ವಿಧಾನಸಭಾ ಕ್ಷೇತ್ರವು 2008ರಲ್ಲಿ ಭಾರತೀಯ ಜನತಾ ಪಕ್ಷವನ್ನೂ, 2013ರಲ್ಲಿ ಕಾಂಗ್ರೆಸನ್ನೂ, 2018ರಲ್ಲಿ ಮತ್ತೆ ಮೊದಲನೆಯದನ್ನೂ, 2023ರಲ್ಲಿ ಮತ್ತೆ ಎರಡನೆಯದನ್ನೂ ಆರಿಸಿತು. ಜನರು ಜಾತಿ ಮತಗಳ ಬಂಧದಲ್ಲಿ ಸಂಪೂರ್ಣ ಬಿಗಿದುಕೊಂಡಿದ್ದರೆ ಇಂಥ ಬದಲಾವಣೆ ಸಾಧ್ಯವಾಗುತ್ತಿರಲಿಲ್ಲ. ಪ್ರತಿಯೊಬ್ಬನೂ ಏಕಕಾಲದಲ್ಲಿ ಭಕ್ತ, ರೈತ, ತಂದೆ, ಸಾಲಗಾರ, ನೆರೆಯವ. ಯಾವ ಸಲ ಇವರಲ್ಲಿ ಯಾರು ಮತ ಹಾಕುತ್ತಾರೆಂದು ಅವನಿಗೂ ಮುಂಚಿತವಾಗಿ ತಿಳಿದಿರುವುದಿಲ್ಲ.

ಶಾಲೆಯ ಹೊಣೆ

ಹಾಗಾದರೆ ಶಿಕ್ಷಕರು ಮಾಡಬಹುದಾದುದೇನು? ಮಕ್ಕಳಿಗೆ ಯಾವ ಪಕ್ಷ ಸರಿಯೆಂದು ಹೇಳುವುದು ಅವರ ಕೆಲಸವಲ್ಲ. ಎಲ್ಲ ಪಕ್ಷಗಳೂ ಒಂದೇ ಎಂದು ಜಾರಿಕೊಳ್ಳುವುದೂ ತಕ್ಕುದಲ್ಲ. ಹದಿನೈದನೆಯ ಶತಮಾನದಲ್ಲಿ ರೂಪುಗೊಂಡ ‘ಶೂನ್ಯಸಂಪಾದನೆ’ಯ ರಚನೆ ಇಲ್ಲಿ ಮಾರ್ಗದರ್ಶಿ. ಅದರಲ್ಲಿ ಶರಣರ ವಚನಗಳು ಸಂವಾದದ ರೂಪದಲ್ಲಿ ಜೋಡಣೆಗೊಂಡಿವೆ. ಅಲ್ಲಮಪ್ರಭುಗಳು ಅಕ್ಕಮಹಾದೇವಿಯನ್ನು ನಿಷ್ಠುರವಾಗಿ ಪ್ರಶ್ನಿಸುತ್ತಾರೆ. ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮರನ್ನೂ ಪ್ರಶ್ನಿಸುತ್ತಾರೆ. ಪ್ರಶ್ನೆ ತೀಕ್ಷ್ಣವಾದರೂ ಪ್ರಶ್ನಿತರನ್ನು ಸಭೆಯಿಂದ ಹೊರಗಟ್ಟುವುದಿಲ್ಲ. ಒಬ್ಬರ ಮಾತು ಮುಗಿಯುವವರೆಗೂ ಇನ್ನೊಬ್ಬರು ಕೇಳುತ್ತಾರೆ.

ಈ ಕ್ರಮವನ್ನು ಪ್ರೌಢಶಾಲೆಯ ತರಗತಿಯಲ್ಲಿಯೂ ಅನುಸರಿಸಬಹುದು. 1974ರ ಭೂಸುಧಾರಣೆಯನ್ನೇ ವಿಷಯವಾಗಿ ಕೊಟ್ಟು, ಗೇಣಿದಾರರ ಮನೆತನದ ವಿದ್ಯಾರ್ಥಿ ಒಡೆಯರ ಪಕ್ಷವನ್ನೂ ಒಡೆಯರ ಮನೆತನದ ವಿದ್ಯಾರ್ಥಿ ಗೇಣಿದಾರರ ಪಕ್ಷವನ್ನೂ ಮಂಡಿಸುವಂತೆ ಮಾಡಬಹುದು. ಮಂಡನೆಯ ಪರೀಕ್ಷಕರು ಎದುರು ಪಕ್ಷದವರೇ ಆಗಿರಬೇಕು. ‘ನಮ್ಮ ಮಾತನ್ನು ಇವನು ಸರಿಯಾಗಿ ಹೇಳಿದ’ ಎಂದು ಅವರು ಒಪ್ಪಿದ ಬಳಿಕವೇ ಆತ ತನ್ನ ಖಂಡನೆಯನ್ನು ಆರಂಭಿಸಬೇಕು. ಈ ಅಭ್ಯಾಸದಿಂದ ಯಾರ ಮತವೂ ಬದಲಾಗಬೇಕಾಗಿಲ್ಲ. ಎದುರಿನವನು ಯಾವ ಮೌಲ್ಯವನ್ನು ಕಾಯಲು ನಿಂತಿದ್ದಾನೆಂಬುದು ತಿಳಿದರೆ, ಅವನನ್ನು ದ್ವೇಷಿಸುವುದು ಮೊದಲಿನಷ್ಟು ಸುಲಭವಾಗದು.

ಹಿರಿಯ ವಿದ್ಯಾರ್ಥಿಗಳೂ ದಾನಿಗಳೂ ಭಿನ್ನ ಭಿನ್ನ ಪಕ್ಷಗಳಿಗೆ ಸೇರಿದವರಿದ್ದೂ ಒಂದು ವಿದ್ಯಾಸಂಸ್ಥೆಯನ್ನು ಕೂಡಿ ಪೋಷಿಸುವುದುಂಟು. ಭೇದವಿದ್ದೂ ಕೂಡಿ ಬಾಳಬಹುದೆಂಬುದಕ್ಕೆ ಮಕ್ಕಳ ಕಣ್ಣೆದುರಿಗೆ ಅದಕ್ಕಿಂತ ಹತ್ತಿರದ ಸಾಕ್ಷಿ ಬೇರೊಂದಿಲ್ಲ. ಚುನಾವಣೆಯ ಮರುದಿನ ಮತಪೆಟ್ಟಿಗೆ ಹೊರಟುಹೋದ ಕೊಠಡಿಯಲ್ಲಿ ಪಾಠ ಆರಂಭಿಸುವ ಶಿಕ್ಷಕರಿಗೆ ಆ ಸಾಕ್ಷಿಯೇ ಬಲವಾಗಿ ಒದಗಲಿ.