ಮತದಾರರ ಪಟ್ಟಿಯಲ್ಲಿ ನಮ್ಮ ಹೆಸರು

ಸ್ವತಂತ್ರ ಭಾರತದ ಪ್ರಥಮ ಸಾರ್ವತ್ರಿಕ ಚುನಾವಣೆಯು 1951-52ರಲ್ಲಿ ಜರುಗಿತು. ಅದಕ್ಕಾಗಿ ಸಿದ್ಧಗೊಂಡ ಮತದಾರರ ಪಟ್ಟಿಯಿಂದ ಸುಮಾರು 28 ಲಕ್ಷ ಮಹಿಳೆಯರ ನಮೂದುಗಳನ್ನು ಕೈಬಿಡಬೇಕಾಯಿತು. ಆ ತಾಯಂದಿರು ಹೊರಗಿನವರ ಮುಂದೆ ಹೆಸರು ಹೇಳಲು ಸಂಕೋಚಪಟ್ಟು ‘ಇಂಥವರ ಹೆಂಡತಿ’, ‘ಇಂಥವರ ತಾಯಿ’ ಎಂದಷ್ಟೇ ಬರೆಯಿಸಿದ್ದರು. ಪ್ರಥಮ ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ ಸೇನರ ಕಾಲದ ಆಯೋಗವು ಸ್ವಂತ ಹೆಸರಿಲ್ಲದ ನಮೂದನ್ನು ಒಪ್ಪಲಿಲ್ಲ. ಸಂವಿಧಾನವು ಹಕ್ಕನ್ನು ಕೊಟ್ಟಿತ್ತು. ಆದರೆ ಪಟ್ಟಿಯಲ್ಲಿ ಹೆಸರಿರಲಿಲ್ಲ. ಅಕ್ಕಮಹಾದೇವಿ, ಸತ್ಯಕ್ಕ, ಆಯ್ದಕ್ಕಿ ಲಕ್ಕಮ್ಮ ಮೊದಲಾದ ಶರಣೆಯರನ್ನು ಅವರವರ ಹೆಸರಿನಿಂದಲೇ ಸ್ಮರಿಸುವ ನಮ್ಮ ನಾಡಿಗೆ ಈ ಸಂಗತಿಯ ಮರ್ಮ ಸುಲಭವಾಗಿ ತಿಳಿಯುತ್ತದೆ.

ಇಂದು ಬೇರೊಂದು ತಪ್ಪು ಕಲ್ಪನೆ ಬಲವಾಗಿ ಬೇರೂರಿದೆ. ಭಾವಚಿತ್ರವುಳ್ಳ ಗುರುತಿನ ಚೀಟಿ ಕೈಯಲ್ಲಿದ್ದರೆ ಮತ ನೀಡಬಹುದೆಂದು ಅನೇಕ ವಿದ್ಯಾವಂತರೂ ನಂಬಿದ್ದಾರೆ. ಅದು ಸರಿಯಲ್ಲ. ಮತದಾನದ ಹಕ್ಕನ್ನು ಚಲಾಯಿಸಲು ಆಧಾರವಾದುದು ಪಟ್ಟಿಯಲ್ಲಿರುವ ಹೆಸರು. ಚೀಟಿಯು ಆ ಹೆಸರಿನವರು ನಾವೇ ಎಂಬುದಕ್ಕೆ ಪುರಾವೆ ಮಾತ್ರ. ಹೆಸರಿದ್ದು ಚೀಟಿ ಕಳೆದುಹೋಗಿದ್ದರೆ, ಆಧಾರ್, ಪಾಸ್‌ಪೋರ್ಟ್, ವಾಹನ ಚಾಲನಾ ಪರವಾನಗಿ, ಪ್ಯಾನ್ ಕಾರ್ಡ್, ಭಾವಚಿತ್ರವುಳ್ಳ ಬ್ಯಾಂಕ್ ಅಥವಾ ಅಂಚೆ ಕಚೇರಿಯ ಪಾಸ್ ಪುಸ್ತಕ ಮೊದಲಾಗಿ ಆಯೋಗವು ಸೂಚಿಸಿದ ದಾಖಲೆಗಳಲ್ಲಿ ಒಂದನ್ನು ತೋರಿಸಿ ಮತ ನೀಡಬಹುದು. ಚೀಟಿಯಿದ್ದು ಹೆಸರಿಲ್ಲದಿದ್ದರೆ ಮರಳಿ ಬರುವುದೊಂದೇ ದಾರಿ. ಮನೆಗೆ ಬರುವ ಮತದಾರರ ಮಾಹಿತಿ ಚೀಟಿಯನ್ನು 2019ರಿಂದ ಗುರುತಿನ ದಾಖಲೆಯಾಗಿ ಅಂಗೀಕರಿಸುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಹೆಸರು ನೋಂದಾಯಿಸಲು ಭಾರತದ ಪೌರತ್ವ, 18 ವರ್ಷ ವಯಸ್ಸು, ಆ ಕ್ಷೇತ್ರದಲ್ಲಿ ಸಾಮಾನ್ಯ ವಾಸ ಇವು ಮುಖ್ಯ ಅರ್ಹತೆಗಳು. 21 ವರ್ಷವಿದ್ದ ಮಿತಿಯನ್ನು 1989ರಲ್ಲಿ ಜಾರಿಗೆ ಬಂದ 61ನೆಯ ತಿದ್ದುಪಡಿಯು 18ಕ್ಕೆ ಇಳಿಸಿತು. ಹಿಂದೆ ಜನವರಿ 1 ಒಂದೇ ಅರ್ಹತಾ ದಿನಾಂಕವಾಗಿತ್ತು. 2022ರಿಂದ ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ದಿನಗಳೂ ಸೇರಿವೆ. 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಸಲ್ಲಿಸಬಹುದು. ಹೊಸ ಹೆಸರಿಗೆ ನಮೂನೆ 6, ತೆಗೆದುಹಾಕಲು ನಮೂನೆ 7, ತಿದ್ದುಪಡಿಗೂ ವಾಸಸ್ಥಳ ಬದಲಾವಣೆಗೂ ನಮೂನೆ 8 ಬಳಕೆಯಲ್ಲಿವೆ.

ಊರಿನಲ್ಲಿ ಪಿತ್ರಾರ್ಜಿತ ಮನೆಯಿದ್ದ ಮಾತ್ರಕ್ಕೆ ಅಲ್ಲಿಯ ಮತದಾರರಾಗುವುದಿಲ್ಲ. ಎರಡು ಕಡೆ ಹೆಸರಿರುವುದನ್ನು 1950ರ ಪ್ರಜಾಪ್ರಾತಿನಿಧ್ಯ ಕಾಯಿದೆ ನಿಷೇಧಿಸುತ್ತದೆ. ಉದ್ಯೋಗಕ್ಕಾಗಿ ನಗರ ಸೇರಿದ ಹಳೆಯ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಆದರೆ ವಸತಿನಿಲಯದಲ್ಲಿರುವ ಅರ್ಹ ವಿದ್ಯಾರ್ಥಿಗೆ ತಂದೆತಾಯಿಯರ ಊರಿನಲ್ಲಾಗಲಿ, ವಸತಿನಿಲಯದ ವಿಳಾಸದಲ್ಲಾಗಲಿ, ಯಾವುದಾದರೂ ಒಂದು ಕಡೆ ನೋಂದಾಯಿಸಿಕೊಳ್ಳುವ ಆಯ್ಕೆಯುಂಟು. ವಸತಿನಿಲಯದ ವಿಳಾಸಕ್ಕೆ ಸಂಸ್ಥೆಯ ಮುಖ್ಯಸ್ಥರ ದೃಢೀಕರಣ ಬೇಕಾಗುತ್ತದೆ.

ಉಪಾಧ್ಯಾಯರೂ ಪದವೀಧರರೂ ತಿಳಿಯಬೇಕಾದ ಇನ್ನೊಂದು ವಿಷಯವಿದೆ. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಪದವೀಧರ ಕ್ಷೇತ್ರಗಳಿಗೆ, 7 ಶಿಕ್ಷಕರ ಕ್ಷೇತ್ರಗಳಿಗೆ ಮೀಸಲಾಗಿವೆ. ಇವುಗಳ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ರಚಿಸುತ್ತಾರೆ. ಕಳೆದ ಸಲ ಹೆಸರಿದ್ದರೂ ಪದವೀಧರರು ನಮೂನೆ 18ರಲ್ಲಿ, ಶಿಕ್ಷಕರು ನಮೂನೆ 19ರಲ್ಲಿ ಮತ್ತೆ ಅರ್ಜಿ ಸಲ್ಲಿಸಲೇಬೇಕು.

ಮತಗಟ್ಟೆಗೆ ಹೋದಾಗ ನಮ್ಮ ಹೆಸರಿನಲ್ಲಿ ಅದಾಗಲೇ ಯಾರೋ ಮತ ಹಾಕಿದ್ದರೆ ನಿರಾಶರಾಗಿ ಹಿಂದಿರುಗಬೇಕಿಲ್ಲ. ನಮ್ಮ ಗುರುತು ಅಧ್ಯಕ್ಷಾಧಿಕಾರಿಗೆ ಮನವರಿಕೆಯಾದಲ್ಲಿ ‘ಟೆಂಡರ್ಡ್’ ಮತಪತ್ರ ದೊರೆಯುತ್ತದೆ. ಅದನ್ನು ಪ್ರತ್ಯೇಕ ಲಕೋಟೆಯಲ್ಲಿ ಇಡುತ್ತಾರೆ. ಅದು ಸಾಮಾನ್ಯ ಎಣಿಕೆಗೆ ಸೇರದು. ಆದರೂ ಅನ್ಯಾಯಕ್ಕೆ ದಾಖಲೆಯಾಗಿ ಉಳಿಯುತ್ತದೆ.

ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದ ಮೇಲೆ ಆ ಚುನಾವಣೆ ಮುಗಿಯುವವರೆಗೆ ಪಟ್ಟಿಗೆ ಯಾವ ಹೆಸರೂ ಸೇರುವುದಿಲ್ಲ. ಆದಕಾರಣ ಕರಡು ಪಟ್ಟಿ ಪ್ರಕಟವಾದಾಗಲೇ ಅದನ್ನು ಪರಿಶೀಲಿಸುವುದು ವಿವೇಕ. ಪ್ರತಿಯೊಬ್ಬ ಉಪಾಧ್ಯಾಯರೂ ತಮ್ಮ ಹೆಸರಿನ ಜೊತೆಗೆ ಓದುಬರಹ ಬಾರದ ನೆರೆಯವರೊಬ್ಬರ ಹೆಸರನ್ನೂ ನೋಡಿಕೊಟ್ಟರೆ ಅದು ವಿದ್ಯೆಯ ದಾಸೋಹವೇ ಸರಿ. 28 ಲಕ್ಷ ತಾಯಂದಿರಿಗೆ ಅಂದು ಆದ ನಷ್ಟವು ನಮ್ಮ ಓಣಿಯ ಒಬ್ಬ ತಾಯಿಗೂ ಆಗದಂತೆ ಎಚ್ಚರ ವಹಿಸುವುದು ಕಲಿತವರ ಹೊಣೆಯಾಗಿದೆ.